ಮಣ್ಣು ಒಬ್ಬರದು, ಬೆಂಕಿ ಇನ್ನೊಬ್ಬರದು

ನಮ್ಮ ಊರುಗಳಲ್ಲಿ ಪುತ್ಥಳಿಗಳಿಗೆ ಬರವಿಲ್ಲ. ನಾಲ್ಕು ದಾರಿ ಕೂಡಿದಲ್ಲಿ ಒಂದು ಪೀಠ, ಪೀಠವಿದ್ದಲ್ಲಿ ಅದರ ಮೇಲೊಬ್ಬ ಮಹಾನುಭಾವ ಎಂಬುದು ನಗರರಚನೆಯ ನಿಯಮವೇ ಆಗಿಬಿಟ್ಟಿದೆ. ಹುಬ್ಬಳ್ಳಿಯ ನಡುಮಧ್ಯದಲ್ಲಿ ಕತ್ತಿ ಹಿರಿದು ಕುದುರೆಯೇರಿದ ಕಿತ್ತೂರ ರಾಣಿ ಚೆನ್ನಮ್ಮನನ್ನು ದಿನವೂ ಸಾವಿರಾರು ಜನ ಬಳಸಿಕೊಂಡು ಹೋಗುತ್ತಾರೆ. ಹೊಸಬರಿಗೆ ದಾರಿ ಹೇಳುವವರು ಅವಳ ಹೆಸರಿನಿಂದಲೇ ಮೊದಲು ಮಾಡುತ್ತಾರೆ. ಆದರೆ ಇಂಥದೊಂದು ಪ್ರತಿಮೆಯ ಮುಂದೆ ಅರೆಗಳಿಗೆ ನಿಂತು, ಇದರ ರೂಪ ಕಟ್ಟಿದವರು ಯಾರು, ಎರಕ ಹೊಯ್ದವರು ಯಾರು ಎಂದು ಕೇಳುವವರು ಎಷ್ಟು ಮಂದಿ? ಪೀಠದ ಕಲ್ಲನ್ನು ಓದಿದರೂ ಉತ್ತರ ಸಿಗುವುದು ಅಪರೂಪ. ಅನಾವರಣ ಮಾಡಿದವರ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಸಮಿತಿಯವರ ಹೆಸರು ಸಾಲಾಗಿರುತ್ತವೆ. ಶಿಲ್ಪಿಯ ಹೆಸರು ಇದ್ದರೆ ಇದ್ದೀತು. ಎರಕದವನ ಹೆಸರಂತೂ ಇರುವುದೇ ಇಲ್ಲ.

ಇದು ಕೇವಲ ಸೌಜನ್ಯದ ಲೋಪವೆಂದು ತಿಳಿದು ಬಿಡುವಂತಿಲ್ಲ. ಕಂಚಿನ ಸ್ಮಾರಕದ ಮಟ್ಟಿಗೆ ಈ ಮರೆವು ಕಲೆಯ ಬಗೆಗಿನ ಒಂದು ತಪ್ಪು ತಿಳಿವಳಿಕೆಯಿಂದಲೇ ಹುಟ್ಟಿದೆ. ಶಿಲ್ಪಿ ಮಣ್ಣಿನಲ್ಲಿ ಮೂರ್ತಿಯನ್ನು ಮುಗಿಸಿದ. ಇನ್ನುಳಿದದ್ದು ಕೂಲಿಯ ಕೆಲಸ, ಕಬ್ಬಿಣದ ಗೇಟು ಮಾಡಿಸಿದ ಹಾಗೆ ಯಾರಿಗಾದರೂ ಒಪ್ಪಿಸಿದರಾಯಿತು—ಹೀಗೆಂದು ನಮ್ಮ ಸಮಿತಿಗಳು ತಿಳಿದಂತೆ ಕಾಣುತ್ತದೆ. ವಾಸ್ತವವಾಗಿ ಕಂಚಿನ ಪ್ರತಿಮೆಗೆ ಇಬ್ಬರು ಕರ್ತೃಗಳು. ಮಣ್ಣು ಒಬ್ಬರದು, ಬೆಂಕಿ ಇನ್ನೊಬ್ಬರದು. ಇವರಿಬ್ಬರ ಸಂಬಂಧ ಚೆನ್ನಾಗಿದ್ದಲ್ಲಿ ಮೂರ್ತಿಗೆ ಜೀವ ಬಂದಿದೆ, ಕೆಟ್ಟಲ್ಲಿ ಮೂರ್ತಿ ಸತ್ತಿದೆ. ಕೆಲವೊಮ್ಮೆ ನೆಲಕ್ಕೂ ಉರುಳಿದೆ.

ಎರಕದ ಮನೆಯಲ್ಲಿ ನಡೆಯುವುದೇನು ಎಂಬುದನ್ನು ಮೊದಲು ಸ್ವಲ್ಪ ನೋಡೋಣ. ಶಿಲ್ಪಿ ಜೇಡಿಮಣ್ಣಿನಲ್ಲಿ ರೂಪ ಕಟ್ಟುತ್ತಾನೆ. ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆದು, ಅಚ್ಚಿನ ಒಳಮೈಗೆ ಮೇಣದ ತೆಳುವಾದ ಪದರು ಕೊಡುತ್ತಾರೆ. ಮೇಣದ ಒಳಗೆ ಬೆಂಕಿ ತಾಳುವ ತಿರುಳು, ಹೊರಗೆ ಬೆಂಕಿ ತಾಳುವ ಕವಚ. ಇದನ್ನು ಕಾಸಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಟೊಳ್ಳಿನೊಳಗೆ ಸಾವಿರ ಡಿಗ್ರಿಗೂ ಮಿಕ್ಕಿ ಕಾದ ಕಂಚು ಇಳಿಯುತ್ತದೆ. ದೊಡ್ಡ ಪ್ರತಿಮೆಗಳಿಗೆ ಈಗ ರೂಢಿಯಲ್ಲಿರುವ ಒಂದು ಹದದಲ್ಲಿ ನೂರಕ್ಕೆ ೮೫ ಪಾಲು ತಾಮ್ರ. ತವರ, ಸತು, ಸೀಸ ಐದೈದು ಪಾಲು. ತಣಿಯುವಾಗ ಲೋಹ ನೂರಕ್ಕೆ ಒಂದೂವರೆಯಷ್ಟು ಕುಗ್ಗುವುದರಿಂದ ಒಂಬತ್ತು ಅಡಿಯ ಮೂರ್ತಿ ಒಂದೂವರೆ ಇಂಚಿನಷ್ಟು ಗಿಡ್ಡವಾಗುತ್ತದೆ. ಮೈಯ ದಪ್ಪ ಎಲ್ಲೆಡೆ ಒಂದೇ ಸಮನಾಗಿರದಿದ್ದರೆ ಕುಗ್ಗುವಿಕೆಯೂ ಹೆಚ್ಚುಕಡಿಮೆಯಾಗಿ ಬಿರುಕು ಬಿಡುತ್ತದೆ. ಗಾಳಿ ಹೊರಹೋಗಲು ದಾರಿ ಬಿಡದಿದ್ದರೆ ಮೂಗಿನ ತುದಿಯೋ ಬೆರಳೋ ತುಂಬದೆ ಉಳಿಯುತ್ತದೆ.

ಇವೆಲ್ಲ ಕೇವಲ ಯಂತ್ರಶಾಸ್ತ್ರದ ಸಂಗತಿಗಳಲ್ಲ. ದೊಡ್ಡ ಮೂರ್ತಿಯನ್ನು ಎಷ್ಟು ಭಾಗ ಮಾಡಬೇಕು, ಕತ್ತರಿಸುವ ಗೆರೆ ಕೊರಳಿನಲ್ಲಿ ಬರಬೇಕೋ ಶಾಲಿನ ಮಡಿಕೆಯ ಮರೆಯಲ್ಲಿ ಬರಬೇಕೋ, ಬೆಸುಗೆಯಾದ ಮೇಲೆ ಅರದಿಂದ ಎಷ್ಟು ಉಜ್ಜಬೇಕು, ಶಿಲ್ಪಿಯ ಬೆರಳು ಮಣ್ಣಿನಲ್ಲಿ ಮೂಡಿಸಿದ ಒರಟನ್ನು ಉಳಿಸಬೇಕೋ ಅಳಿಸಬೇಕೋ—ಒಂದೊಂದೂ ಕಲೆಯ ನಿರ್ಣಯ. ಇಂಥ ಹತ್ತಾರು ನಿರ್ಣಯಗಳನ್ನು ಶಿಲ್ಪಿ ಅಲ್ಲಿ ಇಲ್ಲದಾಗ ಎರಕದವನು ಒಬ್ಬನೇ ಮಾಡಬೇಕಾಗುತ್ತದೆ. ಅವನು ರಸಿಕನಾಗಿದ್ದರೆ ನಮ್ಮ ಪುಣ್ಯ; ಅವಸರದಲ್ಲಿದ್ದರೆ ಎಲ್ಲವನ್ನೂ ಉಜ್ಜಿ ನುಣುಪು ಮಾಡುತ್ತಾನೆ. ನಮ್ಮ ಎಷ್ಟೋ ಮಹಾಪುರುಷರ ಮುಖಗಳು ಸಾಬೂನಿನಿಂದ ಮಾಡಿದಂತೆ ಕಾಣುವುದಕ್ಕೆ ಇದೇ ಕಾರಣ. ಶಿಲ್ಪಿಯನ್ನು ಬೈಯುವ ಮೊದಲು ಅರ ಹಿಡಿದ ಕೈ ಯಾರದು ಎಂದು ಕೇಳಬೇಕು.

ಈ ಎರಡು ಕೆಲಸಗಳು ಹಿಂದೆ ಇಷ್ಟು ಬೇರೆಯಾಗಿರಲಿಲ್ಲ. ೧೧೨೭ರಿಂದ ೧೧೩೮ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ದಲ್ಲಿ ಮೇಣದ ಎರಕದ ವಿಧಾನವನ್ನು ಕ್ರಮವಾಗಿ ಹೇಳಿದೆ. ಮೇಣದ ಮೂರ್ತಿಗೆ ದತ್ತೂರಿಯ ಹೂವಿನಂಥ ಬಾಯುಳ್ಳ ನಾಳಗಳನ್ನು ಜೋಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿ ಅರೆದ ಮಣ್ಣನ್ನು ಅದರ ಮೇಲೆ ಪದರುಪದರಾಗಿ ಬಳಿದು ನೆರಳಿನಲ್ಲಿ ಒಣಗಿಸಬೇಕು. ಮೇಣವನ್ನು ಮೊದಲೇ ತೂಗಿ, ಯಾವ ಲೋಹವಾದರೆ ಅದರ ಎಷ್ಟು ಪಟ್ಟು ಬೇಕೆಂದು ಲೆಕ್ಕ ಹಾಕಬೇಕು. ಕೊನೆಗೆ ಕರಗಿದ ಲೋಹವನ್ನು ಧಾರೆ ಕಡಿಯದಂತೆ ಎರೆಯಬೇಕು. ಅರಮನೆಯ ಭೋಗಗಳನ್ನು ಬಣ್ಣಿಸುವ ಗ್ರಂಥದಲ್ಲಿ ಹೊಟ್ಟು–ಹತ್ತಿಗಳ ಈ ವಿವರಕ್ಕೆ ಜಾಗವಿತ್ತೆಂಬುದನ್ನು ಗಮನಿಸಬೇಕು. ರೂಪದ ಪ್ರಮಾಣವೂ ಮಣ್ಣಿನ ಹದವೂ ಅಲ್ಲಿ ಒಂದೇ ವಿದ್ಯೆಯ ಎರಡು ಪಾಠಗಳು. ಕಲ್ಯಾಣ ನಮಗೆ ದೂರದ ಊರಲ್ಲ. ಆದರೆ ಆ ವಿದ್ಯೆ ಮಾತ್ರ ದೂರವಾಯಿತು.

ಯುರೋಪದಲ್ಲಿ ಈ ಎರಡು ಕೆಲಸಗಳು ಬೇರೆಯಾಗುತ್ತ ಬಂದರೂ ಒಳ್ಳೆಯ ಶಿಲ್ಪಿಗಳು ಕುಲುಮೆಯನ್ನು ಬಿಟ್ಟಿರಲಿಲ್ಲ. ಫ್ಲಾರೆನ್ಸಿನ ಚೆಲ್ಲಿನಿ ತನ್ನ 'ಪರ್ಸಿಯಸ್' ಮೂರ್ತಿಯ ಎರಕದ ಕತೆಯನ್ನು ಆತ್ಮಚರಿತ್ರೆಯಲ್ಲಿ ರಸವತ್ತಾಗಿ ಹೇಳಿದ್ದಾನೆ. ಜ್ವರದಿಂದ ಮಲಗಿದ್ದವನು, ಲೋಹ ಗಟ್ಟಿಯಾಗುತ್ತಿದೆಯೆಂಬ ಸುದ್ದಿ ಕೇಳಿ ಎದ್ದು ಓಡಿದ. ಮನೆಯ ತವರದ ತಟ್ಟೆ–ಬಟ್ಟಲುಗಳನ್ನೆಲ್ಲ ತರಿಸಿ ಕುಲುಮೆಗೆ ಸುರಿದು ಲೋಹವನ್ನು ಹರಿಯುವಂತೆ ಮಾಡಿದ. ೧೫೫೪ರಲ್ಲಿ ಆ ಮೂರ್ತಿ ಚೌಕದಲ್ಲಿ ನಿಂತಿತು. ಚೆಲ್ಲಿನಿ ಬಡಾಯಿಯ ಮನುಷ್ಯ. ಆದರೂ ಅವನ ಕತೆಯಲ್ಲಿ ಒಂದು ನಿಜವಿದೆ. ಎರಕದ ರಾತ್ರಿ ಶಿಲ್ಪಿ ಅಲ್ಲಿರಬೇಕು.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ಹಳೆಯ ನಿದರ್ಶನವುಂಟು. ಬೆಂಗಳೂರಿನ ಸರ್ ಮಾರ್ಕ್ ಕಬ್ಬನ್ ಅವರ ಅಶ್ವಾರೋಹಿ ಪ್ರತಿಮೆ ೧೮೬೬ರದು. ಬಹುಕಾಲ ಉಚ್ಚ ನ್ಯಾಯಾಲಯದ ಅಠಾರಾ ಕಚೇರಿಯ ಎದುರಿಗಿದ್ದು ೨೦೨೦ರಲ್ಲಿ ಕಬ್ಬನ್ ಉದ್ಯಾನದ ಒಳಗೆ ಸರಿಯಿತು. ಅದರ ಶಿಲ್ಪಿ ಟ್ಯೂರಿನ್‌ನಲ್ಲಿ ಹುಟ್ಟಿದ ಬ್ಯಾರನ್ ಮಾರೊಕೆಟ್ಟಿ. ಈತ ಲಂಡನ್ನಿನಲ್ಲಿ ತನ್ನ ಮನೆಯ ಹಿಂದೆಯೇ ಎರಕದ ಕಾರ್ಯಾಗಾರ ಇಟ್ಟುಕೊಂಡಿದ್ದ. ಟ್ರಫಾಲ್ಗರ್ ಚೌಕದಲ್ಲಿ ೧೮೬೭ರಲ್ಲಿ ಕುಳಿತ ಲ್ಯಾಂಡ್‌ಸೀರನ ಹೆಸರಾಂತ ಸಿಂಹಗಳಿಗೂ ಎರಕ ಹೊಯ್ದವನು ಈತನೇ. ಅಂದರೆ ತನ್ನ ಮೂರ್ತಿಗೆ ಶಿಲ್ಪಿ, ಇನ್ನೊಬ್ಬರ ಮೂರ್ತಿಗೆ ಕಂಚುಗಾರ! ಕಬ್ಬನ್ ಸ್ವದೇಶಕ್ಕೆ ಮರಳುತ್ತ ೧೮೬೧ರಲ್ಲಿ ಸುಯೆಜ್‌ನಲ್ಲಿಯೇ ತೀರಿಕೊಂಡವರು. ಶಿಲ್ಪಿಯ ಎದುರಿಗೆ ಅವರು ಕುಳಿತಿರುವ ಸಂಭವ ಕಡಿಮೆ. ಮುಖದಲ್ಲಿ ಒಂದು ಬಗೆಯ ದೂರ ಉಳಿದಿದ್ದರೆ ಅದಕ್ಕೆ ಇದು ಕಾರಣವಿರಬಹುದು. ಆದರೆ ಕುದುರೆ ನೋಡಿ! ಅದು ಮುಂಗಾಲೆತ್ತಿ ಆಕಾಶಕ್ಕೆ ನೆಗೆಯುವ ಕುದುರೆಯಲ್ಲ, ಭಾರವನ್ನು ನೆಲಕ್ಕೆ ಒಪ್ಪಿಸಿ ನಿಂತ ಕುದುರೆ. ಚರ್ಮದ ಕೆಳಗೆ ಎಲುಬು ಇದೆಯೆಂದು ಅನಿಸುತ್ತದೆ. ನೂರೈವತ್ತು ವರುಷಕ್ಕೂ ಮಿಕ್ಕಿ ನಮ್ಮ ಮಳೆ–ಬಿಸಿಲು ತಿಂದೂ ಅದು ಹೀಗೆ ಉಳಿದಿರುವುದು ಎರಕದ ಗಟ್ಟಿತನದಿಂದ. ಕಬ್ಬನ್ ಆಡಳಿತದ ಬಗೆಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಈ ಗುಣವನ್ನು ಒಪ್ಪದೆ ವಿಧಿಯಿಲ್ಲ.

ಎಲ್ಲ ಶಿಲ್ಪಿಗಳಿಗೂ ಸ್ವಂತ ಕುಲುಮೆ ಇಡುವುದು ಸಾಧ್ಯವೆ? ಇಲ್ಲ. ಹಾಗಿದ್ದರೆ ಹುಬ್ಬಳ್ಳಿ–ಧಾರವಾಡದವರು ನೋಡಬೇಕಾದ ಮೇಲ್ಪಂಕ್ತಿ ಲಂಡನ್ನಿನದಲ್ಲ, ಪುಣೆಯದು. ನಮ್ಮ ಜಿಲ್ಲೆ ೧೯೫೬ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಚಿತ್ರಕಲೆ ಕಲಿಯಬೇಕೆಂಬ ಈ ಭಾಗದ ಹುಡುಗರ ಕಣ್ಣೆಲ್ಲ ಮುಂಬಯಿಯ ಜೆ. ಜೆ. ಕಲಾಶಾಲೆಯ ಮೇಲಿತ್ತು. ಅದೇ ಶಾಲೆಯಲ್ಲಿ ಕಲಿತ ವಿನಾಯಕ ಪಾಂಡುರಂಗ ಕರಮರಕರರು ಮಾಡಿದ ಶಿವಾಜಿ ಮಹಾರಾಜರ ಅಶ್ವಾರೋಹಿ ಪ್ರತಿಮೆ ಪುಣೆಯ ಶಿವಾಜಿ ಪ್ರಿಪರೇಟರಿ ಮಿಲಿಟರಿ ಶಾಲೆಯ ಆವರಣದಲ್ಲಿದೆ. ಕೊಲ್ಲಾಪುರದ ಶಾಹೂ ಮಹಾರಾಜರ ಸಂಕಲ್ಪದಿಂದ ೧೯೨೧ರಲ್ಲಿ ಅಡಿಗಲ್ಲು ಬಿದ್ದು, ೧೯೨೮ರಲ್ಲಿ ಮುಂಬಯಿ ಗವರ್ನರ್ ಸರ್ ಲೆಸ್ಲಿ ವಿಲ್ಸನ್ ಅವರಿಂದ ಅನಾವರಣಗೊಂಡಿತು.

ಕರಮರಕರರು ೧೮೯೧ರಲ್ಲಿ ಅಲಿಬಾಗದ ಹತ್ತಿರದ ಸಾಸವಣೆಯಲ್ಲಿ ಹುಟ್ಟಿದರು. ಊರ ರಾಮಮಂದಿರದ ಗೋಡೆಯ ಮೇಲೆ ಆ ಹುಡುಗ ಬರೆದ ಶಿವಾಜಿಯ ಚಿತ್ರವನ್ನು ಕಂಡು ಕಲೆಕ್ಟರ್ ಆಟೊ ರಾತ್‌ಫೀಲ್ಡ್ ಅವನನ್ನು ಕಲಾಶಾಲೆಗೆ ಕಳಿಸಿಕೊಟ್ಟರೆಂಬುದು ಪ್ರಸಿದ್ಧ ಕತೆ. ಗೋಡೆಯ ಮೇಲಿನ ಶಿವಾಜಿ ಕಂಚಿಗಿಳಿಯಬೇಕಾದಾಗ ಹದಿಮೂರೂವರೆ ಅಡಿ ಎತ್ತರದ ಕೆಲಸಕ್ಕೆ ತಕ್ಕ ಕಲಾಶಾಲೆಯ ಕುಲುಮೆ ಎಲ್ಲಿಂದ ಬರಬೇಕು? ಕೆಲಸ ಹೋದುದು ಮುಂಬಯಿಯ ಮಝಗಾಂವ್ ಹಡಗುಕಟ್ಟೆಯ ಎರಕದ ಮನೆಗೆ. ಹಡಗಿನ ಭಾಗಗಳನ್ನು ಎರೆಯುವ ಮಂದಿ ಛತ್ರಪತಿಯ ಕುದುರೆಯನ್ನು ಎರೆದರು. ಒಂದೇ ಎರಕದಲ್ಲಿ ಇಳಿದ ಮೂರ್ತಿಯೆಂದು ಅದಕ್ಕೆ ಹೆಸರಿದೆ.

ಈ ಪ್ರಸಂಗದಲ್ಲಿ ನಮಗೆ ಬೇಕಾದ ಪಾಠವೆಲ್ಲ ಇದೆ. ಕಾರ್ಖಾನೆಯವರಿಗೆ ಲೋಹದ ಭಾರ, ಶಾಖ, ಹರಿವು ಗೊತ್ತು. ಕುದುರೆಯ ಕೊರಳಿನ ಬಾಗು ಗೊತ್ತಿಲ್ಲ. ಶಿಲ್ಪಿಗೆ ಬಾಗು ಗೊತ್ತು. ನೂರಾರು ಮಣ ಕಂಚನ್ನು ಒಮ್ಮೆಗೇ ಕಾಸುವ ಸಾಧನವಿಲ್ಲ. ಇಬ್ಬರೂ ತಮಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಾಗ ಮಾತ್ರ ಇಂಥ ಕೃತಿಯಾಗುತ್ತದೆ. ಫಲವನ್ನು ಈಗಲೂ ನೋಡಬಹುದು. ಪುಣೆಯ ಕುದುರೆ ಹಾರುವುದಿಲ್ಲ, ನಡೆಯುತ್ತದೆ. ಮೇಲಿನವನು ಗರ್ಜಿಸುವುದಿಲ್ಲ, ನೋಡುತ್ತಾನೆ. ವೀರರನ್ನು ತೋರಿಸುವುದಕ್ಕೆ ಕತ್ತಿ ಬೀಸಿಸಲೇಬೇಕೆಂಬ ನಮ್ಮ ಇಂದಿನ ನಂಬಿಕೆಯನ್ನು ಅದು ಮೌನವಾಗಿ ಅಲ್ಲಗಳೆಯುತ್ತದೆ. ಕಂಚಿನ ತೂಕವೇ ಅಲ್ಲಿ ರಾಜನ ಗಾಂಭೀರ್ಯವಾಗಿದೆ. ಧಾತು ಮತ್ತು ಭಾವ ಒಂದಾಗುವುದೆಂದರೆ ಇದು.

ನಮ್ಮ ಕಾಲಕ್ಕೆ ಬಂದರೆ ಪ್ರಮಾಣವೇ ಬದಲಾಗಿದೆ. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ೨೦೨೨ರ ನವೆಂಬರ್ ೧೧ರಂದು ಅನಾವರಣಗೊಂಡ ಕೆಂಪೇಗೌಡರ ಪ್ರತಿಮೆ ೧೦೮ ಅಡಿ ಎತ್ತರದ್ದು. ಅದರಲ್ಲಿ ೯೮ ಟನ್ನು ಕಂಚು, ೧೨೦ ಟನ್ನು ಉಕ್ಕು. ಕತ್ತಿಯೊಂದೇ ನಾಲ್ಕು ಟನ್ನು. ಶಿಲ್ಪಿ ರಾಮ ಸುತಾರರು ೧೯೨೫ರಲ್ಲಿ ಧುಳೆ ಜಿಲ್ಲೆಯ ಗೊಂದೂರಿನಲ್ಲಿ ಬಡಿಗರ ಮನೆಯಲ್ಲಿ ಹುಟ್ಟಿ ನೂರು ವರುಷ ಬಾಳಿದವರು. ಜೆ. ಜೆ. ಶಾಲೆಯಲ್ಲಿ ಕಲಿತು, ಅಜಂತಾ–ಎಲ್ಲೋರಗಳ ಶಿಲ್ಪಗಳ ದುರಸ್ತಿಯಲ್ಲಿ ಕೈ ಪಳಗಿಸಿಕೊಂಡವರು. ಅವರದೇ ರೂಪಕಲ್ಪನೆಯಿಂದ ೨೦೧೮ರಲ್ಲಿ ನರ್ಮದಾತೀರದಲ್ಲಿ ನಿಂತ ಸರದಾರ ಪಟೇಲರ ೧೮೨ ಮೀಟರಿನ ಪ್ರತಿಮೆಯ ಕಂಚಿನ ಹೊರಮೈ ಸಾವಿರಾರು ತುಣುಕುಗಳಾಗಿ ಚೀನದ ಎರಕದ ಮನೆಯಿಂದ ಬಂದಿತು.

ಇಷ್ಟು ದೊಡ್ಡ ಕೆಲಸದಲ್ಲಿ ಕಂಚು ಮೂರ್ತಿಯ ಮಾಂಸವಾಗಿ ಉಳಿಯದೆ ಅಂಗಿಯಾಗುತ್ತದೆ. ಒಳಗಿನ ಉಕ್ಕಿನ ಹಂದರವೇ ಎಲುಬು. ಶಿಲ್ಪಿ, ಕಂಚುಗಾರ ಇಬ್ಬರ ನಡುವೆ ಎಂಜಿನಿಯರ್ ಎಂಬ ಮೂರನೆಯವನು ಬರುತ್ತಾನೆ. ಅದು ತಪ್ಪಲ್ಲ, ಅನಿವಾರ್ಯ. ಆದರೆ ಹಿಗ್ಗಿಸುವುದು ಬರಿಯ ಗುಣಾಕಾರದ ಲೆಕ್ಕವಲ್ಲ. ಮೂರು ಅಡಿಯ ಮಾದರಿಯಲ್ಲಿ ಶಿಲ್ಪಿಯ ಹೆಬ್ಬೆರಳು ಒತ್ತಿದ ಗುರುತು ಮೂವತ್ತಾರು ಪಟ್ಟಾದಾಗ ಹಳ್ಳವಾಗುತ್ತದೆ. ಮುಚ್ಚಿದರೆ ಮುಖ ಸಪ್ಪೆ, ಬಿಟ್ಟರೆ ವಿಕಾರ. ಕೆಂಪೇಗೌಡರ ಪ್ರತಿಮೆಯ ಹೊರರೇಖೆ ಬಯಲಿನ ಆಕಾಶಕ್ಕೆ ಎದುರಾಗಿ ದಿಟ್ಟವಾಗಿದೆ. ದೂರದಿಂದ ನೋಡುವವನಿಗೆ ಅದು ಸಾಕು. ಹತ್ತಿರ ಹೋದಂತೆ ಮೈ ಮಾತು ನಿಲ್ಲಿಸುತ್ತದೆ. ಕಬ್ಬನ್ನರ ಕುದುರೆಯೋ ಪುಣೆಯ ಕುದುರೆಯೋ ಹತ್ತಿರ ಹೋದಂತೆ ಹೆಚ್ಚು ಹೇಳುತ್ತದೆ. ಎತ್ತರದ ಅಂಕಿಯನ್ನೇ ಮೊದಲು ಗೊತ್ತುಮಾಡಿ ಆಮೇಲೆ ಮೂರ್ತಿಯನ್ನು ಹುಡುಕುವ ಪದ್ಧತಿಗೆ ನಾವು ತೆರುವ ಬೆಲೆ ಇದು. ಸುತಾರರಂಥ ನುರಿತ ಕೈಗೂ ಅದರಿಂದ ಪೂರ್ತಿ ಬಿಡುಗಡೆ ದೊರೆಯಲಿಲ್ಲ ಎನ್ನಬೇಕು.

ನುರಿತ ಕೈಯಿಲ್ಲದಲ್ಲಿ ಆಗುವುದೇನೆಂಬುದನ್ನು ಘಟ್ಟದ ಕೆಳಗಿನ ಮಾಲವಣ ತೋರಿಸಿತು. ಅಲ್ಲಿನ ರಾಜಕೋಟ ಕೋಟೆಯಲ್ಲಿ ೨೦೨೩ರ ಡಿಸೆಂಬರದಲ್ಲಿ ಅನಾವರಣಗೊಂಡ ೩೫ ಅಡಿಯ ಶಿವಾಜಿ ಪ್ರತಿಮೆ ೨೦೨೪ರ ಆಗಸ್ಟ್ ೨೬ರಂದು, ಒಂಬತ್ತು ತಿಂಗಳು ತುಂಬುವ ಮೊದಲೇ, ಕುಸಿದು ಬಿತ್ತು. ತನಿಖೆಯ ಸಮಿತಿ ಹೇಳಿದ ಕಾರಣಗಳು ಮೂರು: ತುಕ್ಕು, ದುರ್ಬಲವಾದ ಹಂದರ, ಸರಿಯಿಲ್ಲದ ಬೆಸುಗೆ. ಮೂರರಲ್ಲಿ ಒಂದೂ ಶಿವಾಜಿಯ ಮೂಗು–ಮೀಸೆಗಳಿಗೆ ಸಂಬಂಧಿಸಿದ್ದಲ್ಲ. ಎಲ್ಲವೂ ಕುಲುಮೆಯ ಕಡೆಯ, ಕಟ್ಟಡದ ಕಡೆಯ ಮಾತು. ನಮ್ಮ ಕಾರ್ಕಳದಲ್ಲಿ ೨೦೨೩ರ ಜನವರಿಯಲ್ಲಿ ಅನಾವರಣಗೊಂಡ ಪರಶುರಾಮನ ಮೂರ್ತಿ ಕಂಚಿನದು ಹೌದೋ ಅಲ್ಲವೋ ಎಂಬ ಪ್ರಶ್ನೆ ಪೊಲೀಸರವರೆಗೂ ನ್ಯಾಯಾಲಯದವರೆಗೂ ಹೋಯಿತು. ತೀರ್ಪಿನ ಮಾತು ನ್ಯಾಯಾಲಯಕ್ಕೆ ಸೇರಿದ್ದು. ಕಲಾವಿಮರ್ಶೆಗೆ ಸೇರಿದ ಮಾತು ಇಷ್ಟೆ: ಲೋಹ ಯಾವುದೆಂಬುದೇ ಸಾರ್ವಜನಿಕರಿಗೆ ತಿಳಿಯದಂಥ ರೀತಿಯಲ್ಲಿ ಸ್ಮಾರಕಗಳು ಏಳುತ್ತಿದ್ದರೆ, ಮಾಡಿಸುವ ಕ್ರಮದಲ್ಲಿಯೇ ದೋಷವಿದೆ. ಐದು ನೂರು ವರುಷಗಳಿಗೂ ಹಿಂದೆ, ೧೪೩೨ರಲ್ಲಿ, ಗೊಮ್ಮಟನನ್ನು ನಿಲ್ಲಿಸಿದ ಊರಿನಲ್ಲಿ ಹೀಗಾಗಬೇಕೆ ಎಂದು ವ್ಯಥೆಯಾಗುತ್ತದೆ.

ಸ್ಥಾವರಕ್ಕಿಂತ ಜಂಗಮವೇ ಮಿಗಿಲೆಂದ ಶರಣರ ನಾಡಿನಲ್ಲಿ ಪ್ರತಿಮೆಗಳ ಗೊಡವೆಯೇ ಏಕೆ ಎಂದು ಕೆಲವರು ಕೇಳಬಹುದು. ಧಾರವಾಡದವರು ಹಾಗೆ ಕೇಳಿದರೆ ಅದರಲ್ಲಿ ಬಿಗುವೂ ಇದೆ. ಇಲ್ಲಿ ಹಿರಿಯರನ್ನು ನೆನೆಯುವುದು ಹೆಚ್ಚಾಗಿ ಹಾಡಿನಿಂದ, ಭಾಷಣದಿಂದ, ಪುಸ್ತಕದಿಂದ. ಇದು ಒಳ್ಳೆಯ ಪದ್ಧತಿಯೇ. ಆದರೆ ಪ್ರತಿಮೆಗಳು ಬೇಡವೆಂದರೂ ಬರುತ್ತಲೇ ಇವೆ. ಬರುವುದಾದರೆ ಚೆನ್ನಾಗಿ ಬರಲಿ ಎನ್ನುವುದು ಮೂರ್ತಿಪೂಜೆಯ ಪಕ್ಷವಲ್ಲ, ಕಸಬಿನ ಪಕ್ಷ. ಕಾಯಕವನ್ನು ಕೊಂಡಾಡಿದ ನಾಡು ಕುಲುಮೆಯ ಕಾಯಕವನ್ನು ಕಾಣದಿದ್ದರೆ ಶರಣರ ಹೆಸರು ಹೇಳಿ ಫಲವೇನು?

ಅಷ್ಟಕ್ಕೂ ಈ ಕಸಬು ನಮಗೆ ಪರಕೀಯವಲ್ಲ. ಹುಬ್ಬಳ್ಳಿಯಲ್ಲಿ ಕಂಚಗಾರ ಗಲ್ಲಿಯೆಂಬ ಹೆಸರು ಇಂದಿಗೂ ಇದೆ. ಬೆಳಗಾವಿಯ ಎರಕದ ಕಾರ್ಖಾನೆಗಳು ಪಂಪು, ಮೋಟಾರುಗಳ ಬೀಡಿನ ಭಾಗಗಳಿಗೆ ದೇಶದಲ್ಲೆಲ್ಲ ಹೆಸರಾಗಿವೆ. ಕಬ್ಬಿಣದ ನೇಗಿಲು ಮಾಡಿ ರೈತನ ಕೈಗಿತ್ತ ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಹತ್ತೊಂಬತ್ತನೆಯ ಶತಮಾನದಿಂದ ಲೋಹದ ಕೆಲಸದ ಕೈಗಳನ್ನು ತಯಾರಿಸಿದೆ. ಬೀಡು ಬೇರೆ, ಕಂಚು ಬೇರೆ ಎಂಬುದು ನಿಜ. ಆದರೆ ಹಡಗುಕಟ್ಟೆಯವರು ಕುದುರೆಯನ್ನು ಎರೆಯಬಹುದಾದ ಪಕ್ಷದಲ್ಲಿ ನಮ್ಮವರು ಎರೆಯಲಾರರೆ? ೨೦೦೭ರ ಸಪ್ಟೆಂಬರ್ ೧೧ರಂದು ರಾಷ್ಟ್ರಪತಿ ಪ್ರತಿಭಾ ಪಾಟೀಲರು ಸಂಸತ್ತಿನ ಆವರಣದಲ್ಲಿ ಕಿತ್ತೂರ ಚೆನ್ನಮ್ಮನ ಪ್ರತಿಮೆಯನ್ನು ಅನಾವರಣ ಮಾಡಿದರು; ಅದರ ಶಿಲ್ಪಿ ವಿಜಯ್ ಗೌರ್. ಹೊರಗಿನ ಶಿಲ್ಪಿ ನಮ್ಮ ರಾಣಿಯನ್ನು ರೂಪಿಸಿದರೆ ತಪ್ಪೇನೂ ಇಲ್ಲ, ಕಲೆಗೆ ಗಡಿಯಿಲ್ಲ. ಆದರೆ ೧೮೨೪ರಲ್ಲಿ ಕಂಪನಿ ಸರಕಾರದ ಸೈನ್ಯವನ್ನು ಎದುರಿಸಿ, ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕಣ್ಣುಮುಚ್ಚಿದ ಹೆಣ್ಣುಮಗಳ ಮುಂದಿನ ಮೂರ್ತಿಯಾದರೂ ಮಲಪ್ರಭೆಯ ಸೀಮೆಯ ಕುಲುಮೆಯಲ್ಲಿ ಇಳಿಯಬೇಕೆಂದು ಆಶಿಸುವುದು ಹುಸಿ ಅಭಿಮಾನವಾಗಲಾರದು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಸ್ಮಾರಕ ಸಮಿತಿಗಳು ಮೂರು ಕಟ್ಟಳೆಗಳನ್ನು ಪಾಲಿಸಿದರೆ ಸಾಕು. ಜಯಂತಿಯ ದಿನವನ್ನು ನೋಡಿ ಎರಕದ ದಿನವನ್ನು ಗೊತ್ತುಮಾಡಬಾರದು. ಮಣ್ಣು ಒಣಗುವುದಕ್ಕೂ ಲೋಹ ತಣಿಯುವುದಕ್ಕೂ ಅವುಗಳದೇ ಪಂಚಾಂಗವಿದೆ. ಶಿಲ್ಪಿಗೂ ಎರಕದವನಿಗೂ ಬೇರೆ ಬೇರೆ ಟೆಂಡರು ಕರೆದು ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದಂತೆ ಮಾಡಬಾರದು. ಮೇಣದ ಹಂತದಿಂದ ಬಣ್ಣ ಕೂರಿಸುವ ಹಂತದವರೆಗೆ ಶಿಲ್ಪಿ ಕುಲುಮೆಯ ಬಳಿ ಇರುವಂತೆ ಕರಾರಿನಲ್ಲಿಯೇ ಬರೆಯಬೇಕು. ಮೂರ್ತಿ ನಿಂತ ಮೇಲೆ ಅದಕ್ಕೆ ಬಂಗಾರದ ಬಣ್ಣ ಬಳಿಯಬಾರದು. ಕಂಚು ಗಾಳಿ–ಮಳೆಗಳೊಡನೆ ಮಾತಾಡಿ ತನ್ನ ಕಪ್ಪನ್ನೂ ಹಸಿರನ್ನೂ ತಾನೇ ತಂದುಕೊಳ್ಳುತ್ತದೆ. ಆ ಬಣ್ಣ ಪ್ರತಿಮೆಯ ವಯಸ್ಸಿನ ಕಳೆ, ಕೊಳೆಯಲ್ಲ.

ಇನ್ನು ನಾವು, ನೋಡುವವರು, ಮಾಡಬಹುದಾದದ್ದೂ ಇದೆ. ಮುಂದಿನ ಸಲ ವರ್ತುಲದ ಬಳಿ ಬಸ್ಸು ತಡವಾದಾಗ ಪ್ರತಿಮೆಯ ಮುಖವನ್ನಷ್ಟೇ ನೋಡದೆ ಕಿವಿಯ ಹಿಂಬದಿ, ಬೆರಳ ಸಂದು, ಸೆರಗಿನ ನೆರಿಗೆಯ ಒಳಮೈ ನೋಡಬೇಕು. ಅಲ್ಲಿಯೂ ಕೆಲಸ ಮುಗಿದಿದ್ದರೆ ಮಣ್ಣು ಮತ್ತು ಬೆಂಕಿ ಒಂದು ಮನಸ್ಸಿನಿಂದ ದುಡಿದಿವೆಯೆಂದು ತಿಳಿಯಬಹುದು. ಆಮೇಲೆ ಪೀಠದ ಕಲ್ಲಿನ ಕಡೆ ತಿರುಗಿ ಎರಡು ಹೆಸರುಗಳನ್ನು ಹುಡುಕಬೇಕು. ಅವು ಅಲ್ಲಿಲ್ಲದಿದ್ದರೆ ನಗರಪಾಲಿಕೆಯನ್ನು ಕೇಳಬೇಕು. ಕೇಳುವ ಊರಿಗೆ ಒಳ್ಳೆಯ ಪ್ರತಿಮೆಗಳು ಬರುತ್ತವೆ. ಕೇಳದ ಊರಿಗೆ ಎತ್ತರದವು ಮಾತ್ರ.